ಗ್ಲೋವ್ ಬಾಕ್ಸ್ ಹಿಂದಿನ ಖಾಲಿ ಜಾಗ: ಕಾರಿನೊಳಗಿನ ಗಾಳಿಯ ಕಥೆ

ಬಸ್ಸಲ್ಲಿ ಕೂತು ಕೇಳ್ತಿರೋರು, ಮೆಟ್ರೋದಲ್ಲಿ ನಿಂತು ಕೇಳ್ತಿರೋರು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾರಿನೊಳಗೆ ಸಿಕ್ಕಿಹಾಕಿಕೊಂಡು ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ಎಪಿಸೋಡು ಮೊದಲು ಆ ಮೂರನೇ ಗುಂಪಿಗೆ. ನಿಮ್ಮ ಎಡಗಡೆ ಸೀಟಿನ ಮುಂದೆ ಒಂದು ಗ್ಲೋವ್ ಬಾಕ್ಸ್ ಇದೆಯಲ್ಲ, ಆರ್‌ಸಿ ಬುಕ್ಕು, ಇನ್ಶೂರೆನ್ಸ್ ಕಾಗದ, ಹಳೇ ಪಾರ್ಕಿಂಗ್ ಚೀಟಿ ಎಲ್ಲ ತುಂಬಿರುತ್ತಲ್ಲ, ಅದರ ಹಿಂದೆ ಏನಿದೆ ಅಂತ ಯಾವತ್ತಾದರೂ ನೋಡಿದ್ದೀರಾ?

ಬಹಳಷ್ಟು ಕಾರುಗಳಲ್ಲಿ ಅಲ್ಲೊಂದು ಮಡಿಕೆ ಮಡಿಕೆಯಾದ ಬಿಳಿ ಹಾಳೆಯಂಥ ವಸ್ತು ಇರುತ್ತೆ. ಪುಸ್ತಕದಷ್ಟೇ ಗಾತ್ರ. ಅದಕ್ಕೆ ಕ್ಯಾಬಿನ್ ಏರ್ ಫಿಲ್ಟರ್ ಅಂತ ಹೆಸರು. ಮೆಕ್ಯಾನಿಕ್‌ಗಳು 'ಏಸಿ ಫಿಲ್ಟರ್' ಅಂತಾರೆ, ಕೆಲವರು 'ಪೊಲನ್ ಫಿಲ್ಟರ್' ಅಂತಾರೆ. ಎಂಜಿನ್ನಿಗೆ ಗಾಳಿ ಸೋಸೋದು ಬೇರೆ ಫಿಲ್ಟರು. ಇದು ನಿಮಗೆ ಗಾಳಿ ಸೋಸೋದು. ಎಂಜಿನ್ನಿನ ಫಿಲ್ಟರು ಕಾರಿನ ಆರಂಭದ ದಶಕಗಳಲ್ಲೇ ಬಂತು. ಮನುಷ್ಯನ ಫಿಲ್ಟರು ಸಾಮಾನ್ಯ ವಸ್ತುವಾಗೋಕೆ 1990ರ ದಶಕ ಬರಬೇಕಾಯ್ತು. ಪಿಸ್ಟನ್ನಿಗೆ ಸಿಕ್ಕ ಮರ್ಯಾದೆ ಶ್ವಾಸಕೋಶಕ್ಕೆ ಸಿಗೋಕೆ ಯಾಕೆ ಅಷ್ಟು ತಡವಾಯ್ತು? ಇವತ್ತಿನ ಕಥೆ ಅದೇ.

ಡಾಂಬರು ಡಾಕ್ಟ್ರು

1900ರ ಆಸುಪಾಸಿಗೆ ಹೋಗೋಣ, ಯುರೋಪಿಗೆ. ಆಗಿನ ಕಾರುಗಳಿಗೆ ಬಾಗಿಲಿಲ್ಲ, ಗಾಜಿಲ್ಲ, ಮೇಲೆ ಚಾವಣಿಯೂ ಇಲ್ಲ. ರಸ್ತೆಗಳೆಲ್ಲ ಜಲ್ಲಿ, ಮಣ್ಣು. ಎತ್ತಿನ ಗಾಡಿ, ಕುದುರೆ ಗಾಡಿಯ ನಿಧಾನಕ್ಕೆ ಮಾಡಿದ ರಸ್ತೆಗಳ ಮೇಲೆ ಕಾರು ಓಡಿದಾಗ ಏಳುತ್ತಿದ್ದ ಧೂಳಿಗೆ ಕೊನೆಯೇ ಇರಲಿಲ್ಲ. ಕಾರಲ್ಲಿ ಹೋಗುವವರು ಉದ್ದನೆಯ ಧೂಳಿನ ಕೋಟು, ದೊಡ್ಡ ಕನ್ನಡಕ, ಹೆಂಗಸರಾದರೆ ಮುಖಕ್ಕೊಂದು ತೆಳು ಪರದೆ ಹಾಕಿಕೊಂಡು ಕೂರುತ್ತಿದ್ದರು. ಸರಿ, ಅವರು ಹಾಕಿಕೊಂಡರು. ರಸ್ತೆ ಪಕ್ಕದ ಮನೆಯವರು? ಅಂಗಡಿಯವರು? ನಡೆದು ಹೋಗುವವರು? ಧೂಳೆಲ್ಲ ಅವರ ಮೇಲೆ.

ಮೊನಾಕೊದಲ್ಲಿ ಈ ಸಮಸ್ಯೆ ಜೋರಾಗಿತ್ತು. ಶ್ರೀಮಂತ ಪ್ರವಾಸಿಗಳು, ಕಾರುಗಳು ಜಾಸ್ತಿ. ಅಲ್ಲಿ ಅರ್ನೆಸ್ಟ್ ಗುಗ್ಲಿಯೆಲ್ಮಿನೆಟ್ಟಿ ಅಂತ ಸ್ವಿಟ್ಜರ್ಲೆಂಡ್ ಮೂಲದ ಒಬ್ಬ ವೈದ್ಯರಿದ್ದರು. ಅವರು 1902ರಲ್ಲಿ ರಸ್ತೆಯ ಮೇಲೆ ಬಿಸಿ ಟಾರು ಬಳಿದು ಪ್ರಯೋಗ ಮಾಡಿದರು. ಕಲ್ಲಿದ್ದಲಿನಿಂದ ಗ್ಯಾಸ್ ತಯಾರಿಸುವ ಕಾರ್ಖಾನೆಗಳಲ್ಲಿ ಉಳಿಯುತ್ತಿದ್ದ ಟಾರು ಅದು. ಧೂಳು ಕೂತಿತು. ಜನ ಅವರಿಗೆ 'ಡಾಂಬರು ಡಾಕ್ಟ್ರು' ಅಂತಲೇ ಅಡ್ಡಹೆಸರಿಟ್ಟರು.

ಈ ಕಥೆಯಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ. ಧೂಳಿನ ಸಮಸ್ಯೆಗೆ ಆ ವೈದ್ಯರು ಔಷಧಿ ಹಾಕಿದ್ದು ರಸ್ತೆಗೆ, ಕಾರಿಗಲ್ಲ. ಅದರಿಂದ ಕಾರಲ್ಲಿ ಕೂತವನಿಗೂ ಲಾಭವಾಯ್ತು, ತರಕಾರಿ ಮಾರುವವಳಿಗೂ ಲಾಭವಾಯ್ತು.

ಬಾಗಿಲು ಮುಚ್ಚಿದ ಕಾಲ

ಅದಾದ ಮೇಲೆ ಕಾರೇ ಬದಲಾಯ್ತು. ಅಮೆರಿಕದಲ್ಲಿ 1919ರ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಕಾರು ತೆರೆದವು. 1920ರ ದಶಕ ಮುಗಿಯುವಷ್ಟರಲ್ಲಿ ಲೆಕ್ಕ ಉಲ್ಟಾ ಆಯ್ತು, ಹೆಚ್ಚುಕಮ್ಮಿ ಎಲ್ಲವೂ ಗಾಜು, ಬಾಗಿಲು, ಗಟ್ಟಿ ಚಾವಣಿ ಇರುವ ಮುಚ್ಚಿದ ಕಾರುಗಳು. ಒಂದೇ ದಶಕದಲ್ಲಿ ಕಾರು ಗಾಡಿಯಿಂದ ಕೋಣೆಯಾಯ್ತು. ಕೋಣೆ ಅಂದಮೇಲೆ ಕೋಣೆಯ ತಕರಾರುಗಳೂ ಬಂದವು. ಉಸಿರುಕಟ್ಟುತ್ತೆ, ಗಾಜಿನ ಮೇಲೆ ಮಂಜು ಕೂರುತ್ತೆ, ಸಿಗರೇಟಿನ ಹೊಗೆ ತುಂಬುತ್ತೆ. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಸೆಕೆ.

ಇದಕ್ಕೆ ಮೊದಲ ಒಳ್ಳೆಯ ಉತ್ತರ ಬಂದಿದ್ದು 1938ರಲ್ಲಿ, ನ್ಯಾಷ್ ಅನ್ನೋ ಅಮೆರಿಕನ್ ಕಂಪನಿಯಿಂದ. ಅದಕ್ಕೆ ಒಂದು ವರ್ಷ ಮುಂಚೆ ಆ ಕಂಪನಿ ಕೆಲ್ವಿನೇಟರ್ ಜೊತೆ ಸೇರಿಕೊಂಡಿತ್ತು. ಹೌದು, ಫ್ರಿಡ್ಜ್ ಮಾಡುವ ಅದೇ ಕೆಲ್ವಿನೇಟರ್. ಫ್ರಿಡ್ಜಿನವರಿಗೆ ಮುಚ್ಚಿದ ಡಬ್ಬಿಯೊಳಗಿನ ಗಾಳಿಯ ಬಗ್ಗೆ ಚೆನ್ನಾಗಿ ಗೊತ್ತಿರುತ್ತಲ್ಲ! ಅವರ ವ್ಯವಸ್ಥೆ ಹೊರಗಿನ ಗಾಳಿಯನ್ನು ಮುಂದಿನ ಗಾಜಿನ ಬುಡದಿಂದ ಎಳೆದುಕೊಂಡು, ಫಿಲ್ಟರಿನಲ್ಲಿ ಸೋಸಿ, ಬಿಸಿ ಮಾಡಿ, ಫ್ಯಾನಿನಿಂದ ಒಳಗೆ ತಳ್ಳುತ್ತಿತ್ತು. ಕಾರಿನೊಳಗೆ ಗಾಳಿಯ ಒತ್ತಡ ಹೊರಗಿಗಿಂತ ಚೂರು ಜಾಸ್ತಿ ಇರುವುದರಿಂದ ಸಂದಿಗೊಂದಿಗಳಲ್ಲಿ ಧೂಳು ನುಗ್ಗುವ ಬದಲು ಒಳಗಿನ ಗಾಳಿಯೇ ಹೊರಗೆ ಹೋಗುತ್ತಿತ್ತು. ಮರುವರ್ಷ ಅದಕ್ಕೆ ಥರ್ಮೋಸ್ಟಾಟ್ ಸೇರಿಸಿ 'ವೆದರ್ ಐ' ಅಂತ ಹೆಸರಿಟ್ಟರು. ಇವತ್ತು ನಿಮ್ಮ ಕಾರು ಮಾಡೋದೂ ಮೂಲದಲ್ಲಿ ಇದೇ ಕೆಲಸ.

1940ರ ಮಾಡೆಲ್ಲಿಗೆ ಪ್ಯಾಕರ್ಡ್ ಕಂಪನಿ ಕಾರ್ಖಾನೆಯಿಂದಲೇ ಏಸಿ ಹಾಕಿಸಿ ಕೊಡಲು ಶುರುಮಾಡಿತು. ಬೆಲೆ 274 ಡಾಲರ್. ಯಂತ್ರ ಅರ್ಧ ಡಿಕ್ಕಿಯನ್ನೇ ತಿಂದುಹಾಕುತ್ತಿತ್ತು. ಆಫ್ ಮಾಡೋಕೆ ಸ್ವಿಚ್ಚಿಲ್ಲ. ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟ್ ಬಿಚ್ಚಬೇಕಿತ್ತು! ಎರಡು ವರ್ಷದಲ್ಲೇ ಅದನ್ನು ಕೈಬಿಟ್ಟರು.

ಎರಡೂ ಕಡೆ ಒಬ್ಬನೇ ಮನುಷ್ಯ

ಈ ಕಥೆಯ ಅತ್ಯಂತ ವಿಚಿತ್ರ ಪಾತ್ರ ಥಾಮಸ್ ಮಿಜ್ಲಿ, ಅಮೆರಿಕದ ಸಂಶೋಧಕ. 1921ರಲ್ಲಿ ಎಂಜಿನ್ 'ನಾಕ್' ಆಗೋದನ್ನು ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದು ಅಂತ ಕಂಡುಹಿಡಿದದ್ದು ಈತ. ಅಲ್ಲಿಂದ ಮುಂದೆ ಜಗತ್ತಿನ ರಸ್ತೆಗಳ ಹೊಗೆಯಲ್ಲಿ ದಶಕಗಟ್ಟಲೆ ಸೀಸ ಹೊರಬಂತು. ಅದೇ ಮಿಜ್ಲಿ ಕೆಲವೇ ವರ್ಷಗಳ ನಂತರ ಫ್ರಿಯಾನ್ ಅನಿಲ ರೂಪಿಸಿದ ತಂಡವನ್ನೂ ಮುನ್ನಡೆಸಿದ. ಫ್ರಿಡ್ಜು, ಏಸಿ ತಣ್ಣಗಾಗಿದ್ದು ಅದರಿಂದ, ಓಝೋನ್ ಪದರ ಸವೆದಿದ್ದೂ ಅದರಿಂದ. ಹೊರಗಿನ ಗಾಳಿಯನ್ನು ಉಸಿರಾಡಲು ಕೆಟ್ಟದ್ದಾಗಿ ಮಾಡಿದ್ದೂ, ಕಿಟಕಿ ಮುಚ್ಚಿಕೊಂಡು ಒಳಗೆ ತಂಪಾಗಿ ಕೂರುವ ದಾರಿ ತೋರಿಸಿದ್ದೂ ಒಬ್ಬನೇ. ಸಿನಿಮಾದಲ್ಲಿ ಹೀಗೆ ತೋರಿಸಿದರೆ ಜಾಸ್ತಿಯಾಯ್ತು ಅಂತೀವಿ.

ಭಾರತದಲ್ಲಿ ಸೀಸದ ಪೆಟ್ರೋಲು ಪೂರ್ತಿ ನಿಂತಿದ್ದು 2000ದ ಫೆಬ್ರವರಿಯಲ್ಲಿ. ಈ ಎಪಿಸೋಡು ಕೇಳ್ತಿರೋ ನಿಮ್ಮಲ್ಲಿ ಕೆಲವರು ಆಗ ಹುಟ್ಟಿಯೇ ಇರಲಿಲ್ಲ. ನನ್ನ ವಯಸ್ಸಿನವರು ಆ ಗಾಳಿಯಲ್ಲೇ ಅಂಬೆಗಾಲಿಟ್ಟವರು.

ಯುದ್ಧ, ಇದ್ದಿಲು, ಮತ್ತು ಟ್ರಾಫಿಕ್ಕಿನ ಲೆಕ್ಕ

ಫಿಲ್ಟರಿನ ಒಳಗಿನ ವಿಜ್ಞಾನ ಬೆಳೆದದ್ದು ಯುದ್ಧದಲ್ಲಿ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಳಸಿದರು. ಅದನ್ನು ತಡೆಯಲು ಮುಖವಾಡಗಳಲ್ಲಿ ವಿಶೇಷವಾಗಿ ತಯಾರಿಸಿದ ಇದ್ದಿಲು ತುಂಬಿದರು. ಅದಕ್ಕೆ ತುಂಬ ಚೆನ್ನಾಗಿ ಹೊಂದಿದ್ದು ಏನು ಗೊತ್ತಾ? ತೆಂಗಿನ ಕರಟದ ಇದ್ದಿಲು. ಅಮೆರಿಕದಲ್ಲಿ ಕರಟ ಸಾಲದೇ ಹೋದಾಗ 1918ರಲ್ಲಿ ಪೀಚ್ ಹಣ್ಣಿನ ಬೀಜ, ವಾಲ್ನಟ್ ಸಿಪ್ಪೆ ಎಸೆಯಬೇಡಿ, ನಮಗೆ ಕೊಡಿ ಅಂತ ಜನರನ್ನು ಕೇಳಿಕೊಂಡರು. ಇವತ್ತು 'ಆಕ್ಟಿವೇಟೆಡ್ ಕಾರ್ಬನ್' ಅಂತ ಬರೆದ, ಬೂದು ಬಣ್ಣದ, ಸ್ವಲ್ಪ ದುಬಾರಿ ಕ್ಯಾಬಿನ್ ಫಿಲ್ಟರ್ ಇದೆಯಲ್ಲ, ಅದರಲ್ಲಿರೋದು ಇದೇ ಜಾತಿಯ ಇದ್ದಿಲು. ತಿಪಟೂರು, ಅರಸೀಕೆರೆ ಕಡೆಯವರಿಗೆ ಕರಟ ಅಂದ್ರೆ ಒಲೆಗೆ ಹಾಕೋ ವಸ್ತು. ಅದರ ಇದ್ದಿಲಿನ ಒಂದು ಗ್ರಾಮಿನೊಳಗಿನ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತೆ. ವಾಸನೆಯ ಅಣುಗಳು ಅಂಟಿಕೊಳ್ಳೋದು ಅಲ್ಲೇ.

ಎರಡನೇ ಮಹಾಯುದ್ಧದ ಕಾಲದಲ್ಲಿ, ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ, ವಿಕಿರಣ ಇರುವ ಧೂಳು ಹೊರಗೆ ಹೋಗದಂತೆ ತಡೆಯೋಕೆ ಬಹಳ ಸೂಕ್ಷ್ಮ ಫಿಲ್ಟರ್ ಬೇಕಾಯ್ತು. ಇವತ್ತು ನಾವು 'ಹೆಪಾ' ಅನ್ನೋ ಫಿಲ್ಟರಿನ ಮೂಲ ಅದು. ನೊಬೆಲ್ ಪಡೆದ ವಿಜ್ಞಾನಿ ಅರ್ವಿಂಗ್ ಲಾಂಗ್ಮ್ಯೂರ್ ಆ ಕಾಲದಲ್ಲೇ ಲೆಕ್ಕ ಹಾಕಿ ಒಂದು ಅಚ್ಚರಿಯ ಮಾತು ಹೇಳಿದರು: ಹಿಡಿಯೋಕೆ ಕಷ್ಟವಾಗೋದು ಅತಿ ಚಿಕ್ಕ ಕಣ ಅಲ್ಲ, ಸುಮಾರು 0.3 ಮೈಕ್ರಾನಿನ ಮಧ್ಯಮ ಗಾತ್ರದ ಕಣ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದ್ಕೊಂಡರೆ ಅದೆಷ್ಟು ಸಣ್ಣದು ಯೋಚನೆ ಮಾಡಿ.

ಯಾಕೆ ಹೀಗೆ? ಯಾಕಂದ್ರೆ ಫಿಲ್ಟರ್ ಅನ್ನೋದು ಜರಡಿ ಅಲ್ಲ. ಅದು ಅಡ್ಡಾದಿಡ್ಡಿ ನಾರುಗಳ ಒಂದು ಪೊದೆ. ಇದನ್ನು ಬೆಂಗಳೂರಿನ ಭಾಷೆಯಲ್ಲಿ ಹೇಳ್ತೀನಿ. ಕೆ.ಆರ್. ಮಾರ್ಕೆಟ್ಟಿನ ಗಲ್ಲಿ ಅಂದ್ಕೊಳ್ಳಿ. ಲಾರಿ ಬಂತು, ತಿರುವು ತಗೊಳ್ಳೋಕೆ ಆಗದೆ ನೇರ ಹೋಗಿ ಗೋಡೆಗೆ ಗುದ್ದುತ್ತೆ. ಅದು ದೊಡ್ಡ ಕಣ. ಆಟೋ ಬಂತು, ತಿರುಗುತ್ತೆ, ಆದ್ರೆ ಪಕ್ಕ ಸವರಿ ಸಿಕ್ಕಿಕೊಳ್ಳುತ್ತೆ. ಅದು ಸ್ವಲ್ಪ ಸಣ್ಣದು. ಇನ್ನು ಆಗತಾನೆ ನಡಿಗೆ ಕಲಿತ ಮಗು, ಅತ್ತ ಇತ್ತ ಓಡಾಡಿ ಯಾರದ್ದಾದರೂ ಕಾಲಿಗೆ ಬಂದು ತಗುಲಿಕೊಳ್ಳುತ್ತೆ. ಅದು ಅತಿ ಸಣ್ಣ ಕಣ, ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅಲೆದಾಡುತ್ತೆ. ಇವೆಲ್ಲದರ ನಡುವೆ ನುಸುಳಿಕೊಂಡು ಹೋಗೋದು ಯಾವುದು? ಬೈಕು! ಆ ಬೈಕೇ 0.3 ಮೈಕ್ರಾನ್. ಹೆಪಾ ಫಿಲ್ಟರಿಗೆ ಪರೀಕ್ಷೆ ಇಡೋದು ಆ ಬೈಕಿನ ಮೇಲೆ. ನಮ್ಮ ಕಾರಿನ ಸಾಮಾನ್ಯ ಫಿಲ್ಟರು ಹೆಪಾ ಅಲ್ಲ, ಇದು ನೆನಪಿರಲಿ. ಆದರೂ ಅದರ ಕೆಲಸ ಕಡಿಮೆಯದ್ದಲ್ಲ.

ತೊಗಲಿನಂಥ ಬಟ್ಟೆಯಿಂದ ಫಿಲ್ಟರಿನವರೆಗೆ

ಆ ನಾರಿನ ಪೊದೆ ಬಂದದ್ದು ಎಲ್ಲಿಂದ? ಜರ್ಮನಿಯ ವೈನ್‌ಹೈಮ್ ಅನ್ನೋ ಊರಲ್ಲಿ ಫ್ರಾಯ್ಡನ್‌ಬರ್ಗ್ ಅಂತ ಒಂದು ಕಂಪನಿ ಇದೆ. 1849ರಲ್ಲಿ ಶುರುವಾದದ್ದು ಚರ್ಮ ಹದ ಮಾಡುವ ಕೆಲಸದಿಂದ. 1936ರಲ್ಲಿ ಅವರು ಚರ್ಮಕ್ಕೆ ಬದಲಿ ವಸ್ತು ಹುಡುಕುತ್ತಾ, ನೇಯದೆಯೇ ನಾರುಗಳನ್ನು ಒತ್ತಿ, ಅಂಟಿಸಿ ಬಟ್ಟೆ ಮಾಡುವ ವಿಧಾನದ ಮೇಲೆ ಕೆಲಸ ಆರಂಭಿಸಿದರು. ಯುದ್ಧ ಮುಗಿದ ಮೇಲೆ ಆ ಬಟ್ಟೆಯನ್ನು ಗಾಜು ಒರೆಸೋಕೆ ಮಾರಿದರು. ಹೆಸರು 'ವಿಲೇಡಾ'. ಜರ್ಮನ್ ಭಾಷೆಯಲ್ಲಿ 'ಚರ್ಮದ ಹಾಗೆ' ಅನ್ನೋ ಮಾತಿನಿಂದ ಮಾಡಿದ ಹೆಸರದು. 1950ರ ದಶಕದಲ್ಲಿ ಅದೇ ನೇಯದ ಬಟ್ಟೆಯಿಂದ ಕಾರ್ಖಾನೆಗಳಿಗೆ ಗಾಳಿ ಫಿಲ್ಟರ್ ಮಾಡಿದರು. 1989ರಲ್ಲಿ ಕಾರಿನ ಕ್ಯಾಬಿನ್‌ಗೇ ಅಂತ ಫಿಲ್ಟರ್ ಮಾಡಲು ಶುರುಮಾಡಿದರು.

ನಮ್ಮ ಮನೆಗಳಿಗೂ ಈ ಕಂಪನಿಗೂ ನಂಟಿದೆ. ನಿಮ್ಮ ಅಮ್ಮ ನೆಲ ಒರೆಸೋಕೆ 'ಗಾಲಾ' ಮಾಪ್ ತಂದಿದ್ದರೆ, ಆ ಬ್ರ್ಯಾಂಡ್ ಇವತ್ತು ಇದೇ ಫ್ರಾಯ್ಡನ್‌ಬರ್ಗ್ ಗುಂಪಿನದ್ದು. ನೆಲದ ಧೂಳು, ಕಾರಿನ ಧೂಳು, ಎರಡಕ್ಕೂ ಒಂದೇ ಮನೆತನ!

ಹಾಗಾದ್ರೆ ಯುರೋಪಿನವರು ಇದನ್ನು 'ಪೊಲನ್ ಫಿಲ್ಟರ್', ಅಂದ್ರೆ ಪರಾಗದ ಫಿಲ್ಟರ್ ಅಂತ ಯಾಕೆ ಕರೆದರು? ಅಲ್ಲಿ ವಸಂತ ಬಂತು ಅಂದ್ರೆ ಸೀನು, ಕಣ್ಣುರಿ. 'ಹೇ ಫೀವರ್' ಅಂತಾರೆ. ಅದಕ್ಕೆ ಹುಲ್ಲಿನ ಪರಾಗವೇ ಕಾರಣ ಅಂತ 1873ರಲ್ಲಿ ಪುಸ್ತಕ ಬರೆದು ತೋರಿಸಿದವರು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಅನ್ನೋ ವೈದ್ಯರು. ಅವರಿಗೇ ಆ ಕಾಯಿಲೆ ಇತ್ತು. ಗಾಜಿನ ಪಟ್ಟಿಗೆ ಅಂಟು ಬಳಿದು, ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಎತ್ತರದ ಗಾಳಿಯಲ್ಲೂ ಪರಾಗ ಇದೆಯಾ ಅಂತ ಎಣಿಸಿದ ಮನುಷ್ಯ! ನಮ್ಮಲ್ಲೂ ಇಂಥ ಶತ್ರು ಇದ್ದಾನೆ. ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದ ಈ ಕಳೆ ಈಗ ನಮ್ಮ ಪ್ರತಿ ಖಾಲಿ ಸೈಟಿನಲ್ಲೂ ಇದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ 'ಕಾಂಗ್ರೆಸ್ ಗಿಡ' ಅಂತಾರೆ.

ಆದ್ರೆ ಫಿಲ್ಟರಿನ ಕೆಲಸವನ್ನೇ ಬದಲಾಯಿಸಿದ್ದು ಒಂದು ಅಧ್ಯಯನ. 1993ರಲ್ಲಿ ಹಾರ್ವರ್ಡಿನ ತಂಡ ಅಮೆರಿಕದ ಆರು ಊರುಗಳ 8,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಫಲಿತಾಂಶ ಪ್ರಕಟಿಸಿತು. ಅತಿ ಸ್ವಚ್ಛ ಗಾಳಿಯ ಊರಿಗೆ ಹೋಲಿಸಿದರೆ ಅತಿ ಕೊಳಕು ಗಾಳಿಯ ಊರಲ್ಲಿ ಸಾವಿನ ಪ್ರಮಾಣ 26 ಶೇಕಡಾ ಹೆಚ್ಚು. ಅದಕ್ಕೆ ಬಲವಾದ ನಂಟು ಕಂಡಿದ್ದು ಸೂಕ್ಷ್ಮ ಕಣಗಳ ಜೊತೆ. 1997ರಲ್ಲಿ ಅಮೆರಿಕ ಪಿಎಂ 2.5ಗೆ ಮಿತಿ ಹಾಕಿತು, ಭಾರತ 2009ರಲ್ಲಿ. ಪರಾಗ ಹಿಡಿಯಲು ಬಂದ ಫಿಲ್ಟರು ಈಗ ಹೊಗೆಯ ಕಣವನ್ನೂ ಹಿಡಿಯಬೇಕಾಯ್ತು.

ನಮ್ಮ ಕಾರುಗಳು, ಮತ್ತು ಆ ಖಾಲಿ ಜಾಗ

ಭಾರತದಲ್ಲಿ ಏನಾಯ್ತು? ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಮುಂದಿನ ಬಾಗಿಲಲ್ಲಿ ಒಂದು ತ್ರಿಕೋನದ ಪುಟ್ಟ ಗಾಜಿರುತ್ತಿತ್ತು. ಅದನ್ನು ತಿರುಗಿಸಿದರೆ ಗಾಳಿ ಮುಖಕ್ಕೇ ಬರ್ತಿತ್ತು. ಅದೇ ಏಸಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಆಮೇಲೆ 1990ರ ದಶಕದ ಕೊನೆಗೆ ಸಣ್ಣ ಕಾರುಗಳ ಸಾಲು. ಏಸಿ ಅನ್ನೋದು ನಿಧಾನವಾಗಿ ಮಧ್ಯಮ ವರ್ಗಕ್ಕೆ ಇಳಿಯಿತು. ಕಿಟಕಿ ಮುಚ್ಚಿತು.

ಇಲ್ಲೇ ಒಂದು ತಮಾಷೆ. 2000ದ ದಶಕದ ನಮ್ಮ ಎಷ್ಟೋ ಸಣ್ಣ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಫಿಲ್ಟರಿನ ಜಾಗ ಇತ್ತು, ಫಿಲ್ಟರ್ ಇರಲಿಲ್ಲ! ಹೊರದೇಶಕ್ಕೆ ಹೋಗುವ ಕಾರಿಗೂ ಇಲ್ಲಿ ಮಾರುವ ಕಾರಿಗೂ ಪ್ಲಾಸ್ಟಿಕ್ ಡಬ್ಬಿಯ ಅಚ್ಚು ಒಂದೇ. ಇಲ್ಲಿಯ ಕಾರಿನಲ್ಲಿ ಆ ಜಾಗದ ಬಾಯಿ ಪ್ಲಾಸ್ಟಿಕ್ಕಿನಿಂದಲೇ ಮುಚ್ಚಿರುತ್ತಿತ್ತು. ನಾನು ಬಿ.ಕಾಂ ಓದಿದವನು, ಕಾಸ್ಟ್ ಅಕೌಂಟಿಂಗ್ ಕಣ್ಣಿನಿಂದ ನೋಡ್ತೀನಿ. ಉದಾಹರಣೆಗೆ ಒಂದು ಫಿಲ್ಟರಿಗೆ ಕಂಪನಿಗೆ 150 ರೂಪಾಯಿ ಬೀಳುತ್ತೆ ಅಂದ್ಕೊಳ್ಳಿ. ಒಂದು ಲಕ್ಷ ಕಾರಿಗೆ ಒಂದೂವರೆ ಕೋಟಿ ಉಳಿತಾಯ. ಗಿರಾಕಿ ಶೋರೂಮಲ್ಲಿ ಮೈಲೇಜ್ ಕೇಳ್ತಾನೆ, ಮ್ಯೂಸಿಕ್ ಸಿಸ್ಟಮ್ ಕೇಳ್ತಾನೆ. ಗ್ಲೋವ್ ಬಾಕ್ಸ್ ಹಿಂದೆ ಏನಿದೆ ಅಂತ ಕೇಳಲ್ಲ. ಕೇಳದೇ ಇರೋದನ್ನು ಲೆಕ್ಕದಿಂದ ತೆಗೀತಾರೆ, ಅಷ್ಟೇ.

ಅದೇ ಕಾಲದ ಇನ್ನೊಂದು ಲೆಕ್ಕ ಕೇಳಿ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಗಮನಿಸಿ ದಾಖಲಿಸಿದ ಪ್ರಕಾರ, ಆಸ್ತಮಾ 1979ರಲ್ಲಿ 9 ಶೇಕಡಾ ಇದ್ದದ್ದು 1999ಕ್ಕೆ 29.5 ಶೇಕಡಾ ಆಗಿತ್ತು. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು.

ಈ ಅಂಕಿಗೆ ನನ್ನ ಮನೆಯಲ್ಲಿ ಒಂದು ಮುಖ ಇದೆ. ನಮ್ಮ ಅಕ್ಕನ ಮಗನಿಗೆ ಆರು ವರ್ಷ, ವೀಸಿಂಗ್ ಇದೆ. ಭಾವ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಹಳೇ ಸಣ್ಣ ಕಾರಿನಲ್ಲಿ ದಿನಾ ಸ್ಕೂಲಿಗೆ ಹೋಗಿ ಬರ್ತಾನೆ. ಏಸಿ ಹಾಕಿದ್ರೆ ಮುಗ್ಗಲು ವಾಸನೆ, ಐದು ನಿಮಿಷಕ್ಕೆ ಅವನಿಗೆ ಕೆಮ್ಮು. ಭಾವ ಒಂದು ಗ್ಯಾರೇಜಿಗೆ ಕೊಟ್ಟರು. ಬಿಲ್ಲಿನಲ್ಲಿ 'ಏಸಿ ಫಿಲ್ಟರ್ ಕ್ಲೀನಿಂಗ್' ಅಂತ ಒಂದು ಸಾಲು, ಅದಕ್ಕೊಂದು ಮೊತ್ತ. ಕೆಮ್ಮು ಹೋಗಲಿಲ್ಲ. ಒಂದು ಭಾನುವಾರ ನಾನೂ ಭಾವನೂ ಗ್ಲೋವ್ ಬಾಕ್ಸ್ ಇಳಿಸಿ ಟಾರ್ಚ್ ಹಾಕಿ ನೋಡಿದ್ವಿ. ಫಿಲ್ಟರಿನ ಜಾಗದ ಬಾಯಿ ಕಾರ್ಖಾನೆಯಿಂದ ಬಂದ ಹಾಗೇ ಮುಚ್ಚಿತ್ತು, ಯಾರೂ ಕತ್ತರಿಸಿಯೇ ಇರಲಿಲ್ಲ. ಇಲ್ಲದ ಫಿಲ್ಟರನ್ನು ಕ್ಲೀನ್ ಮಾಡಿದ್ದಕ್ಕೆ ದುಡ್ಡು ಕೊಟ್ಟಿದ್ರು ನಮ್ಮ ಭಾವ! ಅಕ್ಕ ಬಿಲ್ಲನ್ನೂ ಆ ಮುಚ್ಚಳವನ್ನೂ ಒಂದಾದ ಮೇಲೊಂದು ನೋಡಿದಳು. 'ಇದನ್ನ ಎಸೀಬೇಡ, ಫ್ರೇಮ್ ಹಾಕ್ಸು' ಅಂದಳು.

ಆ ಮುಚ್ಚಳದ ಸುತ್ತ ತೆಳುವಾದ ಗೆರೆ ಇತ್ತು. ಚಾಕುವಿನಿಂದ ನಿಧಾನಕ್ಕೆ ಕತ್ತರಿಸಿದ್ವಿ. ಒಳಗೆ ಕೂಲಿಂಗ್ ಕಾಯಿಲ್ ಮೇಲೆ ಕಂಬಳಿಯ ಹಾಗೆ ಧೂಳು, ಒಣಗಿದ ಎಲೆ ಚೂರು, ಕೂದಲು. ಅದರ ಮೇಲೆ ತೇವ ಕೂತು ಬೂಷ್ಟು ಹಿಡಿಯೋಕೆ ಇನ್ನೇನು ಬೇಕು? ಕಾಯಿಲ್ ಕ್ಲೀನ್ ಮಾಡಿಸಿ, ಫಿಲ್ಟರ್ ತಂದು ಹಾಕಿದ್ವಿ. ಪವಾಡ ಏನೂ ಆಗಲಿಲ್ಲ. ಅವನ ಇನ್ಹೇಲರ್ ಇವತ್ತಿಗೂ ಬ್ಯಾಗಲ್ಲೇ ಇದೆ, ಡಾಕ್ಟರ್ ಹೇಳಿದ ಹಾಗೇ ನಡೀತಿದೆ. ಆದ್ರೆ ಕಾರಲ್ಲಿ ಕೆಮ್ಮೋದು ಕಡಿಮೆಯಾಗಿದೆ. ಅಕ್ಕ ದಾರಿಯುದ್ದಕ್ಕೂ ಹಿಂದಿನ ಸೀಟನ್ನೇ ತಿರುಗಿ ತಿರುಗಿ ನೋಡೋದು ನಿಂತಿದೆ.

ನೀವೇ ಹಾಕೋದು ಹೇಗೆ

ಸರಿ, ಕೈಕೆಲಸಕ್ಕೆ ಬರೋಣ. ಮೊದಲು ಕಾರಿನ ಮ್ಯಾನುಯಲ್ ತೆಗೆದು ನಿಮ್ಮ ಮಾಡೆಲ್ಲಿಗೆ ಫಿಲ್ಟರ್ ಎಲ್ಲಿದೆ ಅಂತ ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ, ಕೆಲವದರಲ್ಲಿ ಬಾನೆಟ್ ಕೆಳಗೆ, ಮುಂದಿನ ಗಾಜಿನ ಬುಡದಲ್ಲಿರುತ್ತೆ. ಮಾಡೆಲ್ ಮತ್ತು ವರ್ಷ ಹೇಳಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದ್ರೆ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಇಂಥ ಫಿಲ್ಟರ್ ಮಾಡುವ ಜರ್ಮನಿಯ ಮಾನ್ ಆಂಡ್ ಹಮ್ಮೆಲ್ ಕಂಪನಿಯ ಕಾರ್ಖಾನೆ ನಮ್ಮ ತುಮಕೂರಿನಲ್ಲೇ ಇದೆ.

ಎಂಜಿನ್ ಆಫ್ ಮಾಡಿ, ಕೀ ತೆಗೀರಿ. ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಎರಡೂ ಪಕ್ಕವನ್ನು ಒಳಕ್ಕೆ ಒತ್ತಿದರೆ ಅದು ಪೂರ್ತಿ ಕೆಳಗಿಳಿಯುತ್ತೆ. ಕೆಲವದರಲ್ಲಿ ಪಕ್ಕದಲ್ಲೊಂದು ಸಣ್ಣ ದಾರವೋ ಕಡ್ಡಿಯೋ ಇರುತ್ತೆ, ಅದನ್ನು ಕಳಚಿ. ಅಲ್ಲಿ ಹಳದಿ ಬಣ್ಣದ ವೈರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದ್ದು. ಉದ್ದನೆಯ ಪ್ಲಾಸ್ಟಿಕ್ ಮುಚ್ಚಳದ ಲಾಕ್ ಒತ್ತಿ ತೆಗೀರಿ. ಹಳೇ ಫಿಲ್ಟರನ್ನು ಮೆಲ್ಲಗೆ, ಅಡ್ಡಲಾಗಿಯೇ ಎಳೀರಿ, ಇಲ್ಲಾಂದ್ರೆ ಕಸವೆಲ್ಲ ಬ್ಲೋವರ್ ಒಳಗೆ ಬೀಳುತ್ತೆ. ಎಳೆಯುವಾಗಲೇ ಅದರ ಮೇಲಿನ ಬಾಣದ ಗುರುತು ಯಾವ ಕಡೆ ಇತ್ತು ಅಂತ ಫೋನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಾಣ ಅಂದ್ರೆ ಗಾಳಿ ಹರಿಯುವ ದಿಕ್ಕು. ಹೊಸದನ್ನು ಅದೇ ದಿಕ್ಕಿಗೆ ಹಾಕಿ, ಮುಚ್ಚಳ ಕ್ಲಿಕ್ ಅನ್ನುವವರೆಗೂ ಒತ್ತಿ. ಮುಗೀತು. ಹದಿನೈದು ನಿಮಿಷದ ಕೆಲಸ.

ನಮ್ಮ ಭಾವನ ಕಾರಿನ ಹಾಗೆ ಜಾಗ ಮುಚ್ಚಿದ್ದರೆ ಕತ್ತರಿಸುವ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಿ. ಒಳಗೆ ಫಿಲ್ಟರ್ ಕೂರುವ ಕಂಬಿ ಇದೆಯಾ, ಮತ್ತು ಮುಚ್ಚೋಕೆ ಬೇರೆ ಮುಚ್ಚಳ ಸಿಗುತ್ತಾ. ಕತ್ತರಿಸಿದ ಪ್ಲಾಸ್ಟಿಕ್ ಚೂರು ಒಳಗೆ ಬೀಳಬಾರದು. ಮತ್ತೆ, ಕಾಗದದಂಥ ಫಿಲ್ಟರನ್ನು ನೀರಲ್ಲಿ ತೊಳೀಬೇಡಿ. ಎಷ್ಟೋ ಫಿಲ್ಟರುಗಳ ನಾರಿಗೆ ಸ್ಥಿರ ವಿದ್ಯುತ್ತಿನ ಆವೇಶ ಕೊಟ್ಟಿರ್ತಾರೆ, ಅದು ಹೋದರೆ ಹಿಡಿತವೂ ಹೋಗುತ್ತೆ. ಬದಲಾಯಿಸುವ ಅಂತರ ಮ್ಯಾನುಯಲ್ಲಿನಲ್ಲಿದೆ. ಧೂಳಿನ ರಸ್ತೆಯಲ್ಲಿ ಓಡಿಸುವವರು ಅದಕ್ಕಿಂತ ಬೇಗ ಬದಲಾಯಿಸಬೇಕು. ಇನ್ನೊಂದು ಮಾತು, ಕಿವಿಗೆ ಹಾಕ್ಕೊಳ್ಳಿ: ಈ ಫಿಲ್ಟರ್ ಕಾರ್ಬನ್ ಮೊನಾಕ್ಸೈಡ್ ತಡೆಯಲ್ಲ, ಇದ್ದಿಲಿನದ್ದೂ ತಡೆಯಲ್ಲ. ಮುಚ್ಚಿದ ಜಾಗದಲ್ಲಿ ಎಂಜಿನ್ ಆನ್ ಮಾಡಿ ಕಾರಲ್ಲಿ ಮಲಗೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇದನ್ನು ಮನೇಲಿ ಮಾಡೋದಕ್ಕೂ ಒಂದು ರಾಜಕೀಯ ಇದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿ ಸ್ಪರ್ಧೆ ತಡೆದಿದ್ದಾರೆ ಅನ್ನೋದು ಆಯೋಗದ ತೀರ್ಮಾನ. ಪ್ರಕರಣ ಆಮೇಲೆ ಮೇಲ್ಮನವಿಗೆ ಹೋಯ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿ ಕಾರು ರಿಪೇರಿಯ ಹಕ್ಕನ್ನು ಕಾನೂನು ಮಾಡಿಕೊಂಡರು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರಿಪೇರಿ ಹಕ್ಕು' ಪೋರ್ಟಲ್ ಶುರುಮಾಡಿತು. ನಿಮ್ಮ ವಸ್ತುವನ್ನು ನೀವೇ ಬಿಚ್ಚಿ ನೋಡಬಹುದು ಅನ್ನೋ ಧೈರ್ಯ ಶುರುವಾಗೋದು ಇಂಥ ಸಣ್ಣ ಕೆಲಸಗಳಿಂದಲೇ. ಬಿಚ್ಚಿ ನೋಡಿದವರಿಗೆ ಇಲ್ಲದ ಫಿಲ್ಟರಿನ ಬಿಲ್ ಮಾಡೋಕೆ ಯಾರಿಗೂ ಆಗಲ್ಲ.

ಗಾಜಿನ ಆಚೆ

2015ರಲ್ಲಿ ಟೆಸ್ಲಾ ಕಂಪನಿ ದೊಡ್ಡ ಹೆಪಾ ಫಿಲ್ಟರ್ ಇರುವ ಕಾರು ತಂದು, ಒಂದು ಗುಂಡಿಗೆ 'ಜೈವಿಕ ಅಸ್ತ್ರದಿಂದ ರಕ್ಷಣೆ' ಅನ್ನೋ ಅರ್ಥದ ಹೆಸರಿಟ್ಟಿತು. 2019ರ ಹೊತ್ತಿಗೆ ನಮ್ಮ ಮಾರುಕಟ್ಟೆಗೂ ಏರ್ ಪ್ಯೂರಿಫೈಯರ್ ಇರುವ ಕಾರು ಬಂತು. ಅದೇ ವರ್ಷದ ಜನವರಿಯಲ್ಲಿ ದೇಶದ ಊರುಗಳ ಗಾಳಿ ಸುಧಾರಿಸಲು ರಾಷ್ಟ್ರೀಯ ಸ್ವಚ್ಛ ಗಾಳಿ ಕಾರ್ಯಕ್ರಮವೂ ಶುರುವಾಯ್ತು. ಅಂದ್ರೆ ಒಂದೇ ವರ್ಷ ಎರಡು ದಾರಿ: ಒಂದು ಗಾಜಿನ ಒಳಗೆ, ಒಂದು ಗಾಜಿನ ಹೊರಗೆ. ಯಾವುದು ಜೋರಾಗಿ ಓಡ್ತಿದೆ ಅಂತ ನೀವೇ ಹೇಳಿ.

ಈಗ ಡಾಂಬರು ಡಾಕ್ಟ್ರನ್ನು ನೆನಪು ಮಾಡಿಕೊಳ್ಳಿ. 1902ರಲ್ಲಿ ರಸ್ತೆಗೆ ಮಾಡಿದ ಚಿಕಿತ್ಸೆ ಎಲ್ಲರಿಗೂ ಸಿಕ್ಕಿತು. 2000ದಲ್ಲಿ ಸೀಸ ನಿಲ್ಲಿಸಿದಾಗ ಅದೂ ಎಲ್ಲರಿಗೂ ಸಿಕ್ಕಿತು, ಬಡವ ಬಲ್ಲಿದ ಅಂತಿಲ್ಲ, ಕಾರಿದೆಯಾ ಇಲ್ವಾ ಅಂತ ಯಾರೂ ಕೇಳಲಿಲ್ಲ. ಕ್ಯಾಬಿನ್ ಫಿಲ್ಟರು ಹಾಗಲ್ಲ. ಅದು ಐದು ಸೀಟಿನವರಿಗೆ ಮಾತ್ರ. ಸಿಗ್ನಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರಿಗೆ, ಫುಟ್‌ಪಾತಿನಲ್ಲಿ ಹೂವು ಕಟ್ಟುವ ಅಮ್ಮನಿಗೆ, ಪಕ್ಕದ ಬೈಕಿನ ಟ್ಯಾಂಕ್ ಮೇಲೆ ಕೂತ ಮಗುವಿಗೆ ಅದು ಇಲ್ಲ. ಅವರ ಕಡೆ ಹೋಗೋದು ನಮ್ಮ ಕಾರಿನ ಹೊಗೆ ಮಾತ್ರ.

ಹಾಗಂತ ಫಿಲ್ಟರ್ ಹಾಕಬೇಡಿ ಅಂತಲ್ಲ. ಹಾಕಿ, ಈ ಭಾನುವಾರವೇ ಹಾಕಿ, ಮನೇಲಿ ಮಕ್ಕಳು, ವಯಸ್ಸಾದವರು ಇದ್ದರೆ ಖಂಡಿತ ಹಾಕಿ. ನೀವು ಕ್ಯಾಬ್ ಓಡಿಸುವವರಾದರೆ ಇನ್ನೂ ಮುಖ್ಯ, ದಿನಕ್ಕೆ ಹನ್ನೆರಡು ಗಂಟೆ ಆ ಗಾಳಿಯಲ್ಲಿ ಕೂರೋರು ನೀವು. ಹಾಕಿದ ಮೇಲೆ ತೆಗೆದ ಹಳೇ ಫಿಲ್ಟರನ್ನು ಬೆಳಕಿಗೆ ಹಿಡಿದು ಒಂದು ನಿಮಿಷ ನೋಡಿ. ಆ ಕಪ್ಪು ಬಣ್ಣ ಕಾರಿನದ್ದಲ್ಲ, ನಮ್ಮ ಊರಿನದ್ದು. ಮುಂದಿನ ಸಲ ಓಟು ಕೇಳೋಕೆ ಬಂದವರಿಗೆ ರಸ್ತೆ, ನೀರು, ಚರಂಡಿ ಜೊತೆ ಗಾಳಿಯ ಬಗ್ಗೆಯೂ ಒಂದು ಪ್ರಶ್ನೆ ಕೇಳೋಕೆ ಅಷ್ಟು ಸಾಕು.